ಮಲಗಿದ್ದ ಹುಲ್ಲು

ಅವಳು ಬರುವಷ್ಟರಲ್ಲಿ ಗಾಲ್ಫ್ ಮೈದಾನದ ತಿರುವಿನಲ್ಲಿದ್ದ ಅವಳ ಹುಲ್ಲನ್ನು ಬೇರುಸಮೇತ ಕಿತ್ತು ಬೇಲಿಯಾಚೆ ರಾಶಿ ಹಾಕಿದ್ದರು. ಆ ಜಾಗದಲ್ಲಿ ಹಚ್ಚಹಸಿರು ಹುಲ್ಲಿನ ಸುರುಳಿಗಳನ್ನು ಚಾಪೆಯಂತೆ ಬಿಚ್ಚಿ ಹಾಸಿ, ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದವನು ಮೈದಾನದ ಮೇಸ್ತ್ರಿ, ಅವಳ ಸ್ವಂತ ಚಿಕ್ಕಪ್ಪ.

"ಚಿಕ್ಕಪ್ಪಾ, ಅದು ಸತ್ತಿರ್ಲಿಲ್ಲ."

"ಕಂದು ತಿರುಗಿತ್ತಲ್ಲೇ."

"ಬಿಸಿಲಿಗೆ ಮಲಗಿತ್ತು. ಒಂದು ಮಳೆ ಬಿದ್ದಿದ್ರೆ ತಾನಾಗೇ ಏಳ್ತಿತ್ತು. ನಿಮಗೆ ಹೇಳಿದ್ನಲ್ಲ."

"ಹೇಳಿದ್ದೆ, ಹೇಳಿದ್ದೆ. ಕ್ಲಬ್ ಕ್ಯಾಪ್ಟನ್ ಕೇಳಿದ್ದು ಬದುಕಿದೆಯಾ ಅಂತಲ್ಲ ಮಗಳೇ. ನಾಳೆ ಪಂದ್ಯಕ್ಕೆ ಬಂದೋರ ಕಣ್ಣಿಗೆ ಹೇಗೆ ಕಾಣತ್ತೆ ಅಂತ. ಅದಕ್ಕೇ ನಾನೇ ಹೋಗಿ ಇದನ್ನ ಆರಿಸಿ ತಂದೆ."

ಅವಳ ಮೈಯೆಲ್ಲ ಉರಿದುಹೋಯಿತು. ಆಟಗಾರರ ಬ್ಯಾಟರಿ ಗಾಡಿಗಳೆಲ್ಲ ತಿರುಗುವುದು ಇಲ್ಲೇ. ನೀರಿನ ಪೈಪು ಎಟುಕದಿರುವುದೂ ಇಲ್ಲಿಗೇ. ಹಾಕಿದ ಹುಲ್ಲೆಲ್ಲ ಸತ್ತು ನೆಲ ಬೋಳುತಲೆಯಂತಾಗಿದ್ದಾಗ ಯಾರಿಗೂ ಬೇಡವಾಗಿದ್ದ ಜಾಗ. ಅವಳು ಮನೆಯ ತಾರಸಿಯ ಮೇಲೆ ಟ್ರೇಗಳಲ್ಲಿ ಬಗೆಬಗೆಯ ಹುಲ್ಲು ಬೆಳೆಸಿ, ನೀರು ಹಾಕುವುದನ್ನು ನಿಲ್ಲಿಸಿ, ಮರಳು ತುಂಬಿದ ಡಬ್ಬ ಉರುಳಿಸಿ ತುಳಿಸಿ, ಎಲ್ಲದಕ್ಕೂ ಜಗ್ಗದೆ ಉಳಿದ ಒಂದನ್ನು ಆರಿಸಿ ತಂದಿದ್ದಳು. ಓದು ಮುಗಿಸಿ ಈ ಮೈದಾನದ ಕೆಲಸಕ್ಕೆ ಸೇರಿದ ಮೇಲೆ ಇದು ನನ್ನದು ಎಂದು ಅವಳು ತೋರಿಸಬಹುದಾಗಿದ್ದದ್ದು ಆ ತುಂಡು ನೆಲವೊಂದೇ.

ಅಷ್ಟರಲ್ಲಿ ಕ್ಲಬ್ಬಿನ ಕ್ಯಾಪ್ಟನ್ ಗಾಡಿಯಲ್ಲಿ ಬಂದರು.

"ಆಹಾ, ಈಗ ಕಣ್ಣಿಗೆ ತಂಪು. ನೋಡಮ್ಮಾ, ಹುಲ್ಲು ಅಂದ್ರೆ ಹೀಗಿರ್ಬೇಕು. ನೀನು ತಂದಿದ್ದು ಕಾಲೊರೆಸೋ ಚಾಪೆ ಥರ ಇತ್ತು."

"ತುಳಿಸಿಕೊಳ್ಳೋಕೇ ತಂದಿದ್ದು, ಸರ್."

ಕೆಲಸದವರೆಲ್ಲ ಬಾಯಿಲ್ಲದವಳು ಎಂದು ಆಡಿಕೊಳ್ಳುತ್ತಿದ್ದ ಹುಡುಗಿ. ಚಿಕ್ಕಪ್ಪನ ಕೈಯಲ್ಲಿದ್ದ ಬಕೆಟ್ಟು ಅಲ್ಲೇ ನಿಂತಿತು. ಅವಳು ಹೊಸ ಹುಲ್ಲಿನತ್ತ ಕೈ ತೋರಿಸಿದಳು.

"ಗಾಡಿ ಇಲ್ಲೇ ತಿರುಗಿಸಿ, ಸರ್. ನಾಳೆ ಎಲ್ರೂ ತಿರುಗಿಸೋದು ಇಲ್ಲೇ ಅಲ್ವಾ."

"ಅದಕ್ಕೇನಂತೆ," ಎಂದು ಕ್ಯಾಪ್ಟನ್ ನಕ್ಕು ಗಾಡಿ ಹೊರಳಿಸಿದರು.

"ಸರ್, ಬೇರು ಹಿಡಿಯೋವರೆಗೂ..." ಎಂದು ಚಿಕ್ಕಪ್ಪ ಬಾಯಿ ತೆರೆಯುವಷ್ಟರಲ್ಲಿ ತಡವಾಗಿತ್ತು. ಹೊಸ ಹುಲ್ಲು, ಹಾಸಿಗೆಯ ಮೇಲಿನ ಹೊದಿಕೆಯಂತೆ ಗಾಲಿಯ ಜೊತೆಗೇ ಸರಿದು, ಮಡಿಕೆ ಬಿದ್ದು, ಪರ್ರನೆ ಹರಿಯಿತು. ಕೆಳಗಿನ ಕೆಸರು ಕ್ಯಾಪ್ಟನ್ನರ ಬಿಳಿಯ ಪ್ಯಾಂಟಿನ ಮೊಣಕಾಲಿನವರೆಗೆ ಹಾರಿತು.

ಅವರ ಮುಖದ ನಗು ಇಳಿಯಿತು. ಇಬ್ಬರನ್ನೂ ಒಮ್ಮೆ ನೋಡಿದರು.

"ಈ ದರಿದ್ರ ಹುಲ್ಲು ಆರಿಸಿದ್ದು ಯಾರು?"

ಅವಳು ಚಿಕ್ಕಪ್ಪನ ಕಡೆ ನೋಡಿದಳು. ಚಿಕ್ಕಪ್ಪ ಅವಳ ಕಡೆ ನೋಡಲಿಲ್ಲ. ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೈಯೆತ್ತಿ ಅವಳತ್ತ ಬೆರಳು ತೋರಿಸಿದ. ಆ ಬೆರಳಿನ ಉಗುರಿನಲ್ಲಿ ಅವಳ ಹುಲ್ಲಿನ ಒಂದು ಬೇರು, ಬೆಳ್ಳಗೆ, ಇನ್ನೂ ಹಸಿಯಾಗಿ ಸಿಕ್ಕಿಕೊಂಡಿತ್ತು.