ನಾಲ್ಕನೆಯ ಸೈಕಲ್ಲು

"ಇನ್ನೆರಡು ನಿಂಬೆಹಣ್ಣು ಅವೆಯೇನು?"

ಆಯುಧಪೂಜೆಯ ಬೆಳಿಗ್ಗೆ ಓಂಕಾರಮೂರ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಆದಷ್ಟು ಸಾಧಾರಣವಾದ ದನಿಯಲ್ಲಿ ಕೇಳಿದ. ವಿಭೂತಿ ಕಲೆಸುತ್ತಿದ್ದ ಗಂಗಾಂಬಿಕಾಳ ಬೆರಳು ಬಟ್ಟಲಲ್ಲೇ ನಿಂತಿತು. ಸ್ಕೂಟರಿಗೆ ಎರಡು, ಮೂರು ಸೈಕಲ್ಲಿಗೆ ಆರು. ಚಕ್ರಕ್ಕೊಂದರಂತೆ ಎಂಟು ಹಣ್ಣನ್ನು ಸಂತೆಯಲ್ಲಿ ಆರಿಸಿ ತಂದವಳೇ ಅವಳು.

"ಎರಡು ಹಣ್ಣು ಅಂದ್ರೆ ಎರಡು ಚಕ್ರ," ಎಂದಳು. "ಎಲ್ಲೈತೆ ಅದು?"

ಅದು ಹಿತ್ತಲ ಗೋಡೆಗೆ ಒರಗಿತ್ತು. ಒಂದು ತಿಂಗಳಿಂದ ಖುದ್ದೂಸನ ಸೈಕಲ್ ಅಂಗಡಿಯ ಒಳಕೋಣೆಯಲ್ಲಿ ಗೋಣಿಚೀಲ ಹೊದ್ದುಕೊಂಡು ನಿಂತಿದ್ದ ಹೊಸ ಸೈಕಲ್ಲು. ಮನೆಯಲ್ಲಿ ಹೇಳದೆ ಅದನ್ನು ಏರುವ ಧೈರ್ಯ ಓಂಕಾರಮೂರ್ತಿಗೆ ಬಂದಿರಲಿಲ್ಲ. ಹೇಳುವ ಧೈರ್ಯ ಮೊದಲೇ ಇರಲಿಲ್ಲ. ಇನ್ನೊಂದು ತಿಂಗಳು ಹಾಗೇ ಕಳೆಯುತ್ತಿತ್ತೇನೋ. ನಿನ್ನೆ ಸಂಜೆ ಖುದ್ದೂಸನೇ ಕೈ ಮುಗಿದುಬಿಟ್ಟ. "ಸಾವ್ಕಾರ್ರೇ, ನಾಳೆ ನಿಮ್ದು ಹಬ್ಬ. ಪೂಜೆ ಇಲ್ದೆ ಗಾಡಿ ನನ್ ಅಂಗಡೀಲಿ ಬಿಟ್ರೆ, ಆಮೇಲೆ ನೀವು ಎಲ್ಲಾದ್ರೂ ಬಿದ್ರೆ, ಮಾತು ನನ್ ಮೇಲೆ ಬರ್ತೈತೆ. ಮನೆಗೆ ಒಯ್ರಿ, ಬೈಸ್ಕೊಳ್ರಿ." ಓಂಕಾರಮೂರ್ತಿಯ ಒಳಗೂ ಅದೇ ಅಳುಕಿತ್ತು. ಪೂಜೆ ಕಾಣದ ಗಾಡಿಯ ಮೇಲೆ ವರ್ಷವಿಡೀ ಕೂರುವುದಕ್ಕಿಂತ ಹೆಂಡತಿಯ ಬೈಗುಳವೇ ವಾಸಿ ಅನ್ನಿಸಿ, ಅವಳು ಟೀವಿ ಮುಂದೆ ಕೂತಿದ್ದಾಗ ಹಿತ್ತಲ ಬಾಗಿಲಿಂದ ಒಳಗೆ ತಂದು ನಿಲ್ಲಿಸಿದ್ದ.

ಗಂಗಾಂಬಿಕಾ ಸೈಕಲ್ಲನ್ನು ಒಂದು ಸುತ್ತು ಬಂದಳು.

"ನಿಮಗಿರೋವು ಎರಡೇ ಕಾಲು ಕಣ್ರೀ."

"ಮೊದಲ್ನೇದು ಅಪ್ಪಂದು, ಕೊಡೋ ಹಂಗಿಲ್ಲ. ಎರಡನೇದು ಶೇಂಗಾ ಮಂಡಿಗೆ ಹೋಗೋಕೆ. ಮೂರನೇದು ಗೇರ್ ಸೈಕಲ್ಲು, ಭಾನುವಾರಕ್ಕೆ."

"ಇದು?"

"ಇದೂ ಭಾನುವಾರಕ್ಕೇ." ಅವನ ಕಿವಿಗೇ ಅದು ಸರಿಬರಲಿಲ್ಲ. "ಇದು ಹಗುರ ಐತೆ. ಅದಕ್ಕಿಂತ ಮೂರೂವರೆ ಕೇಜಿ ಕಡಿಮೆ."

"ಆ ಮೂರೂವರೆ ಕೇಜೀನ ನಿಮ್ಮ ಹೊಟ್ಟೇಲಿ ಇಳಿಸಿದ್ರೆ ಪುಕ್ಕಟೆ ಆಗ್ತಿತ್ತಲ್ಲ!"

"ನಿನ್ನ ಬೀರುನಾಗೆ ಸೀರೆ ಎಷ್ಟವೆ ಅಂತ ನಾನ್ಯಾವತ್ತಾದ್ರೂ ಕೇಳಿದೀನಾ?"

"ಕೇಳ್ರಿ. ಒಂದನ್ನಾದ್ರೂ ಹಿಂಗೆ ಹಿತ್ತಲಲ್ಲಿ ಬಚ್ಚಿಟ್ಟಿದ್ರೆ ಹೇಳ್ರಿ."

ಓಂಕಾರಮೂರ್ತಿ ಸೀಟಿನ ಮೇಲೆ ಇಲ್ಲದ ಧೂಳನ್ನು ಅಂಗೈಯಿಂದ ಒರೆಸಿದ. ತಿಂಗಳಿಂದ ಕೂಡಿಹಾಕಿದ್ದ ಸಮಜಾಯಿಷಿಗಳು ಇನ್ನೂ ಎರಡು ಮೂರು ಉಳಿದಿದ್ದವು. ದೇಹಕ್ಕೆ ಒಳ್ಳೆಯದು, ಮುಂದೆ ಮಗಳು ದೀಪಿಕಾಳ ಗಂಡನಿಗೂ ಆಗುತ್ತದೆ, ಇಂಥವು. ಅವನ್ನೆಲ್ಲ ಪಕ್ಕಕ್ಕಿಟ್ಟ.

"ಭಾನುವಾರ ಸೈಕಲ್ ಹೊಡೆಯೋ ಗೆಳೆಯರ ಜೊತೆ ಹೋಗೋಕಾಗ್ತಿಲ್ಲ ಗಂಗಾ," ಎಂದ. "ಮೊಳಕಾಲ್ಮೂರು ರಸ್ತೇಲಿ ಒಂದೆರಡು ಮೈಲಿ ಎಲ್ಲಾ ಜೊತೇಲಿರ್ತೀವಿ. ಆಮೇಲೆ ಬರೀ ವಿಶ್ವನಾಥನ ಬೆನ್ನು. ನನಗಿಂತ ಎರಡು ವರ್ಷ ದೊಡ್ಡೋನು ಅವ್ನು. ಆಮೇಲೆ ಆ ಬೆನ್ನೂ ಕಾಣಲ್ಲ. ನಾನು ಸಿದ್ದಾಪುರ ಮುಟ್ಟೋ ಹೊತ್ತಿಗೆ ಅವರೆಲ್ಲ ಟೀ ಕುಡ್ದು, ಬೆವರು ಆರಿಸ್ಕೊಂಡು ಕೂತಿರ್ತಾರೆ. ನನ್ನ ಕಂಡಿದ್ದೇ 'ಬಂದ್ರಲ್ಲ ಸಾವ್ಕಾರ್ರು, ಏಳ್ರಪ್ಪಾ' ಅಂತ ಎದ್ದೇಬಿಡ್ತಾರೆ. ಕೆಟ್ಟೋರಲ್ಲ, ನನಗೋಸ್ಕರ ಕಾಯ್ತಾರೆ ಪಾಪ. ಆದ್ರೆ ನಾನು ಕೂತ್ಕೊಳ್ಳೋದೇ ಇಲ್ಲ. ಸೈಕಲ್ ಹಗುರ ಆದ್ರೆ ಒಂದು ವರ್ಷವಾದ್ರೂ ಜೊತೇಲಿ ಇರಬಹುದೇನೋ ಅಂತ..."

ಗಂಗಾಂಬಿಕಾ ನಗುತ್ತಾಳೆಂದುಕೊಂಡಿದ್ದ. ಅವಳು ಹ್ಯಾಂಡಲಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ನಡುವೆ ಕುಂಕುಮ ಇಟ್ಟಳು.

"ಹಿಂದೆ ಬಿದ್ದೋರಿಗೆ ಸುಧಾರಿಸ್ಕೊಳ್ಳೋಕೆ ಪುರಸೊತ್ತೇ ಸಿಗಲ್ಲ," ಎಂದಳು. "ದೀಪಿಕಾ ಮದುವೆ ಸೀರೆಗೆ ಅಂತ ಮೊಳಕಾಲ್ಮೂರಿಗೆ ಹೋಗಿದ್ವಲ್ಲ. ನೇಕಾರ್ರ ಓಣೀಲಿ ನೀವು ಮುಂದೆ ಮುಂದೆ ಹೋಗಿ ಯಾವುದಾದ್ರೂ ನೆರಳಿಗೆ ನಿಂತಿರ್ತಿದ್ರಿ. ನಾನು ಬಂದು ಮುಟ್ಟಿದ್ದೇ 'ನಡಿ ನಡಿ' ಅಂತ ಹೊರಟುಬಿಡ್ತಿದ್ರಿ. ನಾನೂ ಒಂದು ಗಳಿಗೆ ನೆರಳಿಗೆ ನಿಲ್ಲಬೇಕಿತ್ತು. ಅವತ್ತೊಂದು ದಿನ ಅಂತಲ್ಲ ಬಿಡ್ರಿ. ಇಪ್ಪತ್ತಾರು ವರ್ಷ ಆಯ್ತು."

ಅಕ್ಕಿ ಮುಗಿದಿದೆ ಎಂದು ಹೇಳುವಾಗ ಇರುತ್ತಿದ್ದ ದನಿಯೇ ಅದರಲ್ಲೂ ಇತ್ತು.

"ಉಪ್ಪಿನಕಾಯಿಗೆ ಅಂತ ತೆಗೆದಿಟ್ಟ ಹಣ್ಣು ಅವೆ ಒಳಗೆ," ಎಂದಳು ಅವಳು. "ಎರಡು ತಗೊಂಡು ಬರ್ರಿ."

ಹೊಸ ಸೈಕಲ್ಲೂ ನಿಂಬೆಹಣ್ಣು ತುಳಿದಾದ ಮೇಲೆ ಶೇಂಗಾ ಮಂಡಿಯಲ್ಲಿ ತಕ್ಕಡಿಯ ಪೂಜೆ ಬಾಕಿ ಇತ್ತು. ಎರಡೇ ಬೀದಿ ಆಚೆ. ಗಂಗಾಂಬಿಕಾ ಪೂಜೆಯ ತಟ್ಟೆ ಹಿಡಿದಳು, ನಡೆದೇ ಹೊರಟರು. ಮಾವಿನೆಲೆ ಕಟ್ಟಿಕೊಂಡು ರಜೆಯಲ್ಲಿದ್ದ ಎಣ್ಣೆ ಗಿರಣಿಯನ್ನು ದಾಟುವ ಹೊತ್ತಿಗೆ ಓಂಕಾರಮೂರ್ತಿ ಎಂದಿನಂತೆ ಹತ್ತು ಹೆಜ್ಜೆ ಮುಂದಿದ್ದ. ತಟ್ಟನೆ ಅರಿವಾಗಿ ನಡಿಗೆ ಕಡಿಮೆ ಮಾಡಿದ. ಪಕ್ಕದಲ್ಲಿ ಅವಳ ಬಳೆಯ ಸದ್ದು ಕೇಳಿಸಲಿಲ್ಲ. ಇನ್ನೂ ಕಡಿಮೆ ಮಾಡಿದ. ಆಗಲೂ ಕೇಳಿಸಲಿಲ್ಲ. ಹಿಂತಿರುಗಿ ನೋಡಿದ.

ಅವನ ನಡಿಗೆ ಕಡಿಮೆಯಾದ ಹಾಗೆಲ್ಲ ಅವಳೂ ರೂಢಿಯಿಂದೆಂಬಂತೆ ತನ್ನದನ್ನು ಕಡಿಮೆ ಮಾಡಿಕೊಳ್ಳುತ್ತ ಬರುತ್ತಿದ್ದಳು. ನಡುವೆ ಅದೇ ಹತ್ತು ಹೆಜ್ಜೆ.