ಪುಕ್ಕಟೆ ಸಲಹೆಗಾರ್ತಿ

ಈ ಮನುಷ್ಯ ಯಾವುದಕ್ಕೂ ಬೇಡ ಅನ್ನುವುದಿಲ್ಲವಲ್ಲ ಎಂಬುದೇ ಪಂಚಶೀಲಾಳ ಅಚ್ಚರಿಗೆ ಕಾರಣ.

“ಈ ಬೆಂಚು ಹೊರಗ ಹಾಕಬೇಕ್ರಿ,” ಅಂದಳು.

“ಹಾಕೋಣ್ರಿ ಮೇಡಂ,” ಅಂದ ಮೌನೇಶ. ಆಗಲೇ ಬೆಂಚಿನ ಒಂದು ತುದಿ ಎತ್ತಿಯಾಗಿತ್ತು. ಇನ್ನೊಂದು ತುದಿಗೆ ಅವಳು ಕೈ ಹಾಕಿದಳು.

ಕಲಬುರಗಿಯಲ್ಲಿ ಎಂಬಿಎ ಮುಗಿಸಿದ ಪಂಚಶೀಲಾ ನೌಕರಿ ಹುಡುಕಲಿಲ್ಲ. ಸಣ್ಣ ಅಂಗಡಿಗಳಿಗೆ ವ್ಯಾಪಾರದ ಸಲಹೆ ಕೊಡುವುದೇ ತನ್ನ ಕಸುಬು ಎಂದು ಹಟ ಹಿಡಿದಳು. ಜಗತ್ ಸರ್ಕಲ್ಲಿನ ಅಂಗಡಿಯವರು ಮಾತ್ರ, “ಮೊದಲ ಎಲ್ಲೆರ ಮಾಡಿ ತೋರ್ಸವ್ವ,” ಎಂದು ನಕ್ಕು ಕಳಿಸುತ್ತಿದ್ದರು. ಅಪ್ಪ ಸೂರ್ಯಕಾಂತ ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು. ಆಮೇಲೆ ತುಟಿಪಿಟಕ್ಕೆನ್ನದೆ ಬ್ಯಾಂಕ್ ಪರೀಕ್ಷೆಗೆ ಕೂರಬೇಕು.

ಹಾಗಾಗಿ ಕಮಲಾಪುರದ ಬಸ್ ಹತ್ತಿದಳು. ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಊಟ ಸೊಗಸಾಗಿತ್ತು, ಬೆಂಚುಗಳು ಖಾಲಿ ಇದ್ದವು. ಪುಕ್ಕಟೆ ದುಡಿದು ವ್ಯಾಪಾರ ಹೆಚ್ಚಿಸಿ ತೋರಿಸುತ್ತೇನೆ ಎಂದು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶಂಕ್ರಮ್ಮನಿಗೆ ಹೇಳಿದಳು.

“ದುಡಿಯೋರಿಗೆ ಯಾರ ಬ್ಯಾಡಂತಾರ ಮಗಳ? ನಾಳಿಂದ ಬಾ.” ಶಂಕ್ರಮ್ಮ ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

ಮರುದಿನ ಗಲ್ಲಾದ ಪಕ್ಕ ಮೌನೇಶ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಗಂಭೀರ ಮುಖ. ಶಂಕ್ರಮ್ಮನನ್ನು ಅಕ್ಕಾ ಎಂದು ಕರೆಯುತ್ತಿದ್ದ. ಅಕ್ಕ ಒಲೆ ನೋಡಿಕೊಳ್ಳುತ್ತಾಳೆ, ತಮ್ಮ ವ್ಯವಹಾರ ನೋಡುತ್ತಾನೆ. ಪಂಚಶೀಲಾಳಿಗೆ ಕೇಳುವ ಅಗತ್ಯವೇ ಕಾಣಲಿಲ್ಲ.

“ನಮಸ್ಕಾರ್ರಿ. ಇವತ್ತಿನಿಂದ ನಾನೂ ನೋಡ್ಕೋತೀನಿ.”

ಅವನು ಒಮ್ಮೆಲೇ ನೆಟ್ಟಗಾದ. “ಚಲೋ ಆತ್ರಿ ಮೇಡಂ. ಏನ್ ಮಾಡೋಣ ಹೇಳ್ರಿ.”

ಇಂಥ ಮಾಲೀಕ ಎಲ್ಲರಿಗೂ ಸಿಗಲಿ ಅನ್ನಿಸಿತು ಅವಳಿಗೆ. ತಟ್ಟೆ ತೊಳೆದಳು, ಬಡಿಸಿದಳು, ಮೇಜು ಒರೆಸಿದಳು. ಒಂದು ಮಧ್ಯಾಹ್ನ ಪ್ರಯಾಣಿಕನೊಬ್ಬ ಕಂಡಕ್ಟರನ ಸೀಟಿ ಕೇಳಿ ಅರ್ಧ ರೊಟ್ಟಿ ಬಿಟ್ಟು ಓಡಿದ. ಕೈಯಲ್ಲಿ ಪಲ್ಯದ ಸೌಟು ಹಿಡಿದಿದ್ದವಳಿಗೆ ಆಗ ಹೊಳೆಯಿತು. ಊಟದಲ್ಲಿ ಕೊರತೆಯಿಲ್ಲ, ಊಟ ಮಾಡಲು ಪುರುಸೊತ್ತಿಲ್ಲ.

“ಬಸ್ಸಿನವರಿಗೆ ಬುತ್ತಿ ಕಟ್ಟಿ ಇಡೋಣ್ರಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.”

“ಈ ಊರಿನ ಕೆಂಪು ಬಾಳೆಹಣ್ಣೂ ಇಡೋಣ್ರಿ,” ಅಂದ ಮೌನೇಶ. “ಕಮಲಾಪುರದ ಬುತ್ತಿ ಅಂತ ನೆಪ್ಪ ಇಟ್ಕೋತಾರ.”

ಮಾರನೆಯ ದಿನ ಬುಟ್ಟಿ ಹೊತ್ತು ಬಸ್ಸಿನ ಕಿಟಕಿಗಳ ಕೆಳಗೆ ಕೂಗುತ್ತಾ ಓಡಿದವನೂ ಅವನೇ. ಇಸ್ತ್ರಿ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಬುಟ್ಟಿ ಖಾಲಿಯಾದಾಗ ಬಂದು ಅವಳೆದುರು ನಿಂತ. “ಹೆಂಗಾತ್ರಿ ಮೇಡಂ? ಸಮಾಧಾನ ಆತೇನ್ರಿ?”

ಮಾಲೀಕನೇ ಶಭಾಶ್‌ಗಿರಿ ಕೇಳುವುದು ವಿಚಿತ್ರವೆನಿಸಿದರೂ ಕೊಟ್ಟಳು. ಅವನ ಮುಖ ಅರಳಿತು.

ತಿಂಗಳು ಮುಗಿಯುವ ಹೊತ್ತಿಗೆ ಶಂಕ್ರಮ್ಮ ರೊಟ್ಟಿ ಬಡಿಯಲು ಓಣಿಯ ಹೆಂಗಸರನ್ನು ಕರೆಸಿಕೊಂಡಿದ್ದಳು. ಅದೇ ಬುತ್ತಿ ತಿಂದಿದ್ದ ಕೋಟನೂರಿನ ಬೇಕರಿಯವರ ಫೋನೂ ಬಂತು. ಫೀಸು ಕೊಟ್ಟೇ ಕರೆಯುತ್ತೇವೆ, ಆದರೆ ಖಾನಾವಳಿ ಮಾಲೀಕರ ಬಾಯಿಂದ ಒಂದು ಮಾತು ಕೇಳಬೇಕು ಎಂದರು.

ಪಂಚಶೀಲಾ ಅವರಿಗೆ ಲೈನಿನಲ್ಲಿರಲು ಹೇಳಿ, ಮೌನೇಶನತ್ತ ಫೋನ್ ಚಾಚಿದಳು. “ನನ್ನ ಕೆಲಸ ಹೆಂಗಿತ್ತಂತ ಮಾಲೀಕರು ಹೇಳಬೇಕಂತ್ರಿ. ನನ್ನ ಮುಂದಿನ ದಾರಿ ಇದರ ಮ್ಯಾಗ ಅದ. ಒಂದೆರಡು ಮಾತು ಹೇಳ್ರಿ.”

ಮೌನೇಶ ಫೋನನ್ನೂ ಅವಳನ್ನೂ ಪಿಳಿಪಿಳಿ ನೋಡಿದ. ಒಲೆಯ ಮುಂದೆ ಶಂಕ್ರಮ್ಮ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಾನೇನ್ ಹೇಳ್ಲಿರಿ ಮೇಡಂ? ನಾನೂ ಪುಕ್ಕಟೆ ದುಡಿದು ಹೆಸರು ಮಾಡ್ಕೋಬೇಕಂತ ಬಂದ ಸಲಹೆಗಾರ. ಅಂಥದ್ದೊಂದು ಮಾತು ನಿಮ್ಮ ಬಾಯಿಂದ ಹೇಳಿಸ್ಬೇಕಂತ ಕಾಯಾಕತ್ತಿದ್ದೆ. ಅಕ್ಕ ನಿಮಗ ಮಗಳ ಅಂತಾರಲ್ರಿ, ನೀವು ಮಾಲೀಕರ ಮಗಳಲ್ಲೇನ್ರಿ?”

“ಫೋನ್ ಇತ್ತ ಕೊಡವ್ವ, ಇಬ್ಬರ ಹೆಸರೂ ಹೇಳ್ತೀನಿ,” ಎಂದು ಮಾಲಕಿ ಶಂಕ್ರಮ್ಮ ಒಲೆಯ ಮುಂದಿನಿಂದ ಹಿಟ್ಟಿನ ಕೈ ಚಾಚಿದಳು.