ಹಿಂಡಿಗೆ ಬಂದ ಬಹುಮಾನ

ತೀರ್ಪುಗಾರ್ತಿ ಆರು ಮೊಟ್ಟೆಗಳಲ್ಲಿ ಒಂದನ್ನು ಆರಿಸಿ ಬಿಳಿ ತಟ್ಟೆಗೆ ಒಡೆದಳು. ಹಳದಿ ಗುಂಡಗೆ, ಹೊಳೆಯುತ್ತ ನಿಂತಿತು. ನಮೋಯ್ ಹೊಳೆದಂಡೆಯ ಈ ಕೃಷಿ ಮೇಳದಲ್ಲಿ ಮೊಟ್ಟೆಯ ಹೊಟ್ಟೆ ನೋಡದೆ ಯಾರಿಗೂ ನೀಲಿ ರಿಬ್ಬನ್ ಕೊಡುವುದಿಲ್ಲ.

"ಮೊದಲನೇ ಬಹುಮಾನ ಗ್ಲೆನಿಸ್‌ಗೆ," ಎಂದಳು.

ಚಪ್ಪಾಳೆಗೆ ತಲೆಬಾಗಿದವನು ಮಾತ್ರ ಅವಳ ಗಂಡ ಮರ್ವ್. ಹತ್ತಿಕಾಳಿನ ಎಣ್ಣೆ ಗಿರಣಿಯ ಮ್ಯಾನೇಜರ್. ಹೆತ್ತವರಿಗೆ ಹೆಗ್ಗಣ ಮುದ್ದಾದರೆ ಮರ್ವ್‌ಗೆ ತನ್ನ ಗಿರಣಿಯ ಹಿಂಡಿ ಮುದ್ದು.

"ಕೋಳಿಗೆ ಏನ್ ಹಾಕ್ತೀಯ ಮರ್ವ್?" ಪಕ್ಕದ ತೋಟದ ನೊರೀನ್ ಕೇಳಿದಳು.

"ಇನ್ನೇನು, ನಮ್ಮ ಹತ್ತಿಕಾಳಿನ ಹಿಂಡಿ. ಸೋಯಾ ಗೀಯಾ ಎಲ್ಲಾ ದುಡ್ಡಿದ್ದೋರ ಶೋಕಿ. ದಿನಾ ಬೆಳಗ್ಗೆ ಎರಡು ಮೊಟ್ಟೆ ತಿಂತೀನಿ, ನೋಡು ಹೆಂಗಿದೀನಿ."

ಪಾಪ, ಅವನು ಸುಳ್ಳು ಹೇಳುವವನಲ್ಲ. ಹೋದ ವರ್ಷ ಗ್ಲೆನಿಸ್ ಆ ಹಿಂಡಿಯನ್ನೇ ಹಾಕಿದ್ದಳು. ಅಂದಂದೇ ಇಟ್ಟ ಮೊಟ್ಟೆ ಮರ್ವ್‌ನ ತಟ್ಟೆಯಲ್ಲಿ ಚೆನ್ನಾಗಿಯೇ ಇರುತ್ತಿತ್ತು. ಸ್ಪಂಜ್ ಕೇಕಿಗೆಂದು ಫ್ರಿಜ್ಜಿನಲ್ಲಿ ಕೂಡಿಟ್ಟವನ್ನು ಒಡೆದರೆ ಹಳದಿ ಪಾಚಿಗಟ್ಟಿದ ಹಸಿರು, ಬಿಳಿ ನಸುಗೆಂಪು. ಹಿಂಡಿ ತಿಂದ ಕೋಳಿಯ ಮೊಟ್ಟೆ ತಣ್ಣಗೆ ಕೂತರೆ ಹೀಗಾಗುತ್ತದೆ ಎಂದು ತೋರಿಸಿದಾಗ ಮರ್ವ್ ಗಂಭೀರವಾಗಿ ಯೋಚಿಸಿ ಹೊಸ ಫ್ರಿಜ್ ತಂದುಕೊಟ್ಟ. ಆಮೇಲೆ ಅವಳು ವಾದ ಮಾಡಲಿಲ್ಲ. ಕೋಳಿಗಳಿಗೆ ಗುಟ್ಟಾಗಿ ಗೋಧಿ, ಸೋಯಾ ಹಾಕಿದಳು. ಅವನು ಹೊತ್ತು ತರುವ ಹಿಂಡಿಯನ್ನು ಹಿತ್ತಲ ಗುಲಾಬಿಯ ಬುಡಕ್ಕೆ ಸುರಿದಳು. ಮನೆಯಲ್ಲಿ ಶಾಂತಿ ನೆಲೆಸಿತು.

"ಹಂಗಾದ್ರೆ ನನಗೂ ಒಂದು ಲಾರಿ ಹಿಂಡಿ ಕಳಿಸಿಬಿಡು," ಎಂದಳು ನೊರೀನ್.

"ಸೋಮವಾರವೇ ನಿನ್ನ ಶೆಡ್ಡಿನ ಮುಂದೆ ನಿಂತಿರುತ್ತೆ."

ಗ್ಲೆನಿಸ್ ಇಬ್ಬರ ಮುಖವನ್ನೂ ನೋಡಿದಳು. ಗಂಡ ಸತ್ತ ಮೇಲೆ ನೊರೀನ್ ಬದುಕುತ್ತಿದ್ದುದೇ ಸಿಡ್ನಿಗೆ ಕಳಿಸುವ ಮೊಟ್ಟೆಗಳ ಮೇಲೆ. ಅಲ್ಲಿನ ಅಂಗಡಿಗಳ ತಣ್ಣನೆ ಕಪಾಟಿನಲ್ಲಿ ಅವು ವಾರಗಟ್ಟಲೆ ಕೂರುತ್ತವೆ. ಹಸಿರು ಮೊಟ್ಟೆ ಒಡೆದವರು ಮತ್ತೆ ಅವಳ ಮೊಟ್ಟೆ ಕೊಳ್ಳುವರೇ? ಬಾಯಿ ಬಿಟ್ಟರೆ ಊರೆದುರು ಗಂಡನ ಮಾನ ಹೋಗುತ್ತದೆ. ಅವನೋ, ಆಗಲೇ ರಿಬ್ಬನ್ನನ್ನು ತನ್ನ ಕೋಟಿಗೇ ಚುಚ್ಚಿಕೊಳ್ಳುತ್ತಿದ್ದ.

"ಗ್ಲೆನಿಸ್, ನೀನೇ ಹೇಳು," ಎಂದಳು ನೊರೀನ್. "ಹಿಂಡಿ ಅಷ್ಟು ಒಳ್ಳೇದಾ?"

"ತುಂಬಾ ಒಳ್ಳೇದು ಕಣೇ. ನನ್ನ ಕೋಳಿಗಳು ಅದರ ಮುಖ ನೋಡಿ ವರ್ಷ ಆಯ್ತು."

ಮರ್ವ್‌ನ ಕೈ ಪಿನ್ನಿನ ಮೇಲೆಯೇ ನಿಂತಿತು.

"ಆ ಹಿಂಡಿಗೂ ಇವತ್ತು ಮೊದಲನೇ ಬಹುಮಾನ ಬಂದಿದೆ," ಎಂದಳು ಗ್ಲೆನಿಸ್. "ಹೋಗಿ ನೋಡ್ಕೊಂಡು ಬಾ. ಅಲ್ಲಿ, ಗುಲಾಬಿ ಹೂಗಳ ಮೇಜಿನ ಮೇಲೆ."